ಲಿನಕ್ಸ್: ಇದ್ದದ್ದರ ಮೇಲೆಯೇ ಅಪ್‌ಗ್ರೇಡೋ, ಫಾರ್ಮ್ಯಾಟ್ ಹೊಡೆದು ಹೊಸತೋ?

ಲಿನಕ್ಸಿನ ಹಳೆ ಆವೃತ್ತಿಯಿಂದ ಹೊಸತಕ್ಕೆ ಹೋಗುವುದು ಹೇಗೆ ಎಂದು ಮಂಗಳೂರು ಹಂಪನಕಟ್ಟೆಯ ಯಾವುದಾದರೂ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿ ನೋಡಿ, ಉತ್ತರ ಸಾಮಾನ್ಯವಾಗಿ ಒಂದೇ: “ಫಾರ್ಮ್ಯಾಟ್ ಹೊಡೆದುಬಿಡುವ, ಎಲ್ಲ ಕ್ಲೀನ್ ಆಗ್ತದೆ.” ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಇಂಜಿನಿಯರಿಂಗ್ ಓದುವ ಹುಡುಗರನ್ನು ಕೇಳಿದರೆ ಇನ್ನೊಂದು: “ಫಾರ್ಮ್ಯಾಟ್ ಎಂತಕ್ಕೆ ಮಾರಾಯ್ರೆ, ಒಂದು ಕಮಾಂಡ್ ಕೊಟ್ರೆ ತನ್ನಷ್ಟಕ್ಕೇ ಆಗ್ತದೆ.” ಅಂಗಡಿಯವರದು ವಿಂಡೋಸ್ ಕಾಲದ ಅಭ್ಯಾಸ, ಹುಡುಗರದು ತಮ್ಮದೊಂದೇ ಲ್ಯಾಪ್‌ಟಾಪಿನ ಅನುಭವ. ನಾಲ್ಕಾರು ಕಡೆಯ ಯಂತ್ರಗಳನ್ನು ನೋಡಿಕೊಳ್ಳುವವರಿಗೆ, ಅಥವಾ ಕಚೇರಿಯ ಇದ್ದೊಂದು ಸರ್ವರಿನ ಹೊಣೆ ಹೊತ್ತವರಿಗೆ ಎರಡೂ ಉತ್ತರ ಸಾಲುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಉಂಟು. ಆ ಕಂಪ್ಯೂಟರಿನಲ್ಲಿ ಏನೇನು ಹಾಕಿದ್ದಾರೆ, ಯಾವ ಸೆಟ್ಟಿಂಗನ್ನು ಎಲ್ಲಿ ತಿದ್ದಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದಿಡಲು ನಿಮ್ಮಿಂದ ಆಗುತ್ತದೆಯೇ? ಆಗುತ್ತದೆ ಎಂದಾದರೆ ಅಳಿಸಿ ಹೊಸತು ಹಾಕಿ. ಅದು ಅಗ್ಗ, ಬೇಗ, ಫಲ ಮೊದಲೇ ಗೊತ್ತು. ಆಗುವುದಿಲ್ಲ ಎಂದಾದರೆ ಈ ಸಲಕ್ಕೆ ಅಪ್‌ಗ್ರೇಡ್ ಮಾಡಿ. ನಿಮಗೆ ಗೊತ್ತಿಲ್ಲದ್ದನ್ನೂ ಅದು ಉಳಿಸಿಕೊಡುತ್ತದೆ. ಆದರೆ ಮಾಡುತ್ತಾ ಮಾಡುತ್ತಾ ಆ ಹಾಳೆಯನ್ನು ಬರೆದು ಮುಗಿಸಿ, ಯಾಕೆಂದರೆ ಮುಂದಿನ ಸಲ ಡಿಸ್ಕ್ ತಾನಾಗಿಯೇ ಸತ್ತರೆ ಹೊಸತು ಹಾಕುವುದು ಆಯ್ಕೆಯಲ್ಲ, ಅನಿವಾರ್ಯ.

ಇದು ನನ್ನ ಸಾಮಾನ್ಯ ನಿಯಮ. ಇದನ್ನು ಮುರಿಯುವ ಸಂದರ್ಭಗಳು ಕೆಲವು ಉಂಟು, ಅವನ್ನೇ ಮೊದಲು ಹೇಳಿಬಿಡುತ್ತೇನೆ.

ಅಪ್‌ಗ್ರೇಡಿನಿಂದ ಬದಲಾಗದ ಸಂಗತಿಗಳು

ಅಪ್‌ಗ್ರೇಡ್ ಎಂದರೆ ಓಡುತ್ತಿರುವ ಸಿಸ್ಟಂನಲ್ಲೇ ಪ್ಯಾಕೇಜುಗಳ (ಸಾಫ್ಟ್‌ವೇರ್ ಕಟ್ಟುಗಳ) ಮೂಲವನ್ನು ಹೊಸ ಆವೃತ್ತಿಗೆ ತಿರುಗಿಸಿ, ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಒಂದೊಂದಾಗಿ ಬದಲಿಸುವುದು. ಮಳೆಗಾಲಕ್ಕೆ ಮುಂಚೆ ಹಂಚಿನ ಮಾಡು ಕೈಯಾಡಿಸಿದ ಹಾಗೆ: ಒಡೆದ ಹಂಚು ಹೋಗಿ ಹೊಸತು ಬರುತ್ತದೆ, ಗೋಡೆ ಮತ್ತು ಪಂಚಾಂಗ ಇದ್ದ ಹಾಗೆಯೇ ಇರುತ್ತವೆ. ಪಾರ್ಟಿಷನ್ನುಗಳ ಹಂಚಿಕೆ, ಫೈಲ್ ಸಿಸ್ಟಂ, ಹಳೆ ಬೂಟ್ ಕ್ರಮವಾದ ಬಯೋಸ್ ಮೋಡಿನಲ್ಲಿ ಹಾಕಿದ್ದೋ ಹೊಸ ಕ್ರಮವಾದ ಯುಇಎಫ್‌ಐ ಮೋಡಿನಲ್ಲಿ ಹಾಕಿದ್ದೋ ಎಂಬುದು, ಡಿಸ್ಕಿಗೆ ಎನ್‌ಕ್ರಿಪ್ಷನ್ ಉಂಟೋ ಇಲ್ಲವೋ ಎಂಬುದು, 32 ಬಿಟ್ಟೋ 64 ಬಿಟ್ಟೋ ಎಂಬುದು ಯಾವುದನ್ನೂ ಅಪ್‌ಗ್ರೇಡ್ ಮುಟ್ಟುವುದಿಲ್ಲ.

ಹೀಗಾಗಿ ಕೆಲವು ಯಂತ್ರಗಳ ಬಗ್ಗೆ ಚರ್ಚೆಯೇ ಬೇಡ. 9 ಆಗಸ್ಟ್ 2025ರಂದು ಬಂದ, ಡೆಬಿಯನ್ ಎಂಬ ಡಿಸ್ಟ್ರೋದ (ಲಿನಕ್ಸಿನ ಒಂದು ಬಗೆಯ) 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರೂ ಇಲ್ಲ, ಸಿಸ್ಟಂನ ತಿರುಳಾದ ಕರ್ನೆಲೂ ಇಲ್ಲ. ಪ್ರೊಸೆಸರ್ 64 ಬಿಟ್ ಇದ್ದು ಅಂದು ಯಾರೋ 32 ಬಿಟ್ ಸಿಡಿ ಹಾಕಿದ್ದರೆ, ಹೊಸತು ಹಾಕುವುದೇ ದಾರಿ. ಪ್ರೊಸೆಸರೇ 32 ಬಿಟ್ ಆಗಿದ್ದರೆ ಅದು ಡೆಬಿಯನ್ 12ರಲ್ಲೇ ನಿಲ್ಲಬೇಕು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನಲ್ಲಿ ಇನ್ನೂ ಬಿಗಿ: 9ನೇ ಆವೃತ್ತಿಗೆ ಎಕ್ಸ್86-64ರ ಎರಡನೇ ಮಟ್ಟದ ಪ್ರೊಸೆಸರ್ ಬೇಕು, 10ನೇ ಆವೃತ್ತಿಗೆ ಮೂರನೇ ಮಟ್ಟದ್ದು. ಹಳೆ ಕೋರ್ 2 ಡ್ಯುಯೋ ಯಂತ್ರವನ್ನು ಸರ್ವರ್ ಮಾಡಿಟ್ಟವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಬೂಟ್ ಪಾರ್ಟಿಷನ್ ಬೇರೆ ಮಾಡಿ, ಅದಕ್ಕೆ 250 ಎಂಬಿಯಷ್ಟೇ ಕೊಟ್ಟ ಹಳೆಯ ಇನ್‌ಸ್ಟಾಲೇಷನ್ನುಗಳೂ ಹೀಗೆಯೇ. ಹೊಸ ಕರ್ನೆಲ್ ಇಳಿಯುವ ಹೊತ್ತಿಗೆ ಜಾಗ ಸಾಲದೆ ಅರ್ಧದಲ್ಲಿ ನಿಲ್ಲುತ್ತದೆ. ಹಳೆ ಕರ್ನೆಲ್ ತೆಗೆದು ಹೇಗೋ ದಾಟಿಸಬಹುದು, ಆದರೆ ಪ್ರತಿ ಅಪ್‌ಡೇಟಿಗೂ ಅದೇ ಪಾಡು. ಮತ್ತೆ, ವೈದ್ಯರ ಕ್ಲಿನಿಕ್ಕಿನದೋ ಲೆಕ್ಕಪರಿಶೋಧಕರದೋ ಲ್ಯಾಪ್‌ಟಾಪಿಗೆ ಡಿಸ್ಕ್ ಎನ್‌ಕ್ರಿಪ್ಷನ್ ಬೇಕೆಂದು ಈಗ ಅನಿಸಿದ್ದರೆ, ಅದಕ್ಕೆ ಒಳ್ಳೆಯ ಮುಹೂರ್ತ ಹೊಸ ಇನ್‌ಸ್ಟಾಲ್ ಮಾಡುವಾಗಲೇ.

ಎಷ್ಟು ಮೆಟ್ಟಿಲು ಹತ್ತಬೇಕು?

ಎರಡನೆಯ ವಿನಾಯಿತಿ ದೂರದ್ದು. ಉಬುಂಟುವಿನಲ್ಲಿ ಒಂದು ಎಲ್‌ಟಿಎಸ್‌ನಿಂದ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿಯಿಂದ) ಮುಂದಿನ ಎಲ್‌ಟಿಎಸ್‌ಗೆ ಮಾತ್ರ ಹೋಗಬಹುದು, ನಡುವಿನದನ್ನು ಹಾರಿಸುವ ಹಾಗಿಲ್ಲ. 20.04ರಲ್ಲಿ ಕುಳಿತವರು 24.04ಕ್ಕೆ ಹೋಗಲು 22.04ರ ಮೂಲಕವೇ ಹೋಗಬೇಕು. ಎಲ್‌ಟಿಎಸ್ ಅಲ್ಲದ ಆವೃತ್ತಿಗಳಿಗೆ ಬೆಂಬಲ 9 ತಿಂಗಳು ಮಾತ್ರ. ಕಚೇರಿಗೆ ಅವನ್ನು ಹಾಕಿದವರನ್ನು ಕಂಡರೆ ನನಗೆ ಆಶ್ಚರ್ಯ. ಡೆಬಿಯನ್ನಿನಲ್ಲೂ ಹಾರುವಂತಿಲ್ಲ: 11ರಿಂದ 12, 12ರಿಂದ 13. ಫೆಡೋರಾ ಒಂದನ್ನು ಹಾರಿಸಲು ಬಿಡುತ್ತದೆ, ಆದರೆ ಅಲ್ಲಿ ಸುಮಾರು ಆರು ತಿಂಗಳಿಗೊಂದು ಆವೃತ್ತಿ, ಪ್ರತಿಯೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ಆದ್ದರಿಂದ ಫೆಡೋರಾ ಬಳಸುವವರಿಗೆ ಅಪ್‌ಗ್ರೇಡ್ ವರ್ಷಕ್ಕೊಮ್ಮೆಯಾದರೂ ಬರುವ ಕೆಲಸ. ಪ್ರತಿ ಸಲ ಫಾರ್ಮ್ಯಾಟ್ ಮಾಡುತ್ತಾ ಕೂತರೆ ಬೇರೆ ಕೆಲಸವಾಗುವುದಿಲ್ಲ. ಅದರ ಅಪ್‌ಗ್ರೇಡ್ ಕ್ರಮವೂ ಅಚ್ಚುಕಟ್ಟು: ಎಲ್ಲವನ್ನೂ ಮೊದಲೇ ಇಳಿಸಿಕೊಂಡು, ರೀಬೂಟ್ ಆದ ಮೇಲೆ ಬೇರಾವ ಪ್ರೋಗ್ರಾಮೂ ಓಡದಿರುವಾಗ ಬದಲಿಸುತ್ತದೆ.

ಲಿನಕ್ಸ್ ಮಿಂಟ್ ಈ ಭಾಗದ ಮನೆಗಳಿಗೆ ನಾನು ಹೆಚ್ಚಾಗಿ ಹೇಳುವುದು. 22ರಿಂದ 22.1ರಂಥ ಸಣ್ಣ ಹೆಜ್ಜೆಗಳು ಅಪ್‌ಡೇಟ್ ಮ್ಯಾನೇಜರಿನಲ್ಲೇ ಮುಗಿಯುತ್ತವೆ. 21.3ರಿಂದ 22ಕ್ಕೆ ಹೋಗಲು ಮಿಂಟ್‌ಅಪ್‌ಗ್ರೇಡ್ ಎಂಬ ಬೇರೆ ಸಾಧನ ಉಂಟು. ಟೈಮ್‌ಶಿಫ್ಟ್‌ನಲ್ಲಿ ಸ್ನ್ಯಾಪ್‌ಶಾಟ್ (ಸಿಸ್ಟಂನ ಆ ಹೊತ್ತಿನ ನಕಲು) ತೆಗೆಯದೆ ಅದು ಮುಂದೆ ಹೋಗಲು ಒಪ್ಪುವುದಿಲ್ಲ. ಎಲ್ಲ ಡಿಸ್ಟ್ರೋಗಳೂ ಹೀಗೆ ಹಟ ಹಿಡಿಯಬೇಕಿತ್ತು. ಓಪನ್‌ಸೂಸೆಯಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಬಳಸಿದ್ದರೆ ಕೆಟ್ಟ ಅಪ್‌ಗ್ರೇಡಿನಿಂದ ಬೂಟ್ ಮೆನುವಿನಲ್ಲೇ ಹಿಂದಿನ ಸ್ಥಿತಿಗೆ ಮರಳಬಹುದು. ಆರ್ಚ್ ಬಳಸುವವರಿಗೆ ಈ ಲೇಖನವೇ ಬೇಡ, ಅಲ್ಲಿ ಆವೃತ್ತಿಗಳೇ ಇಲ್ಲ.

ಒಂದು ಮೆಟ್ಟಿಲಾದರೆ ಅಪ್‌ಗ್ರೇಡನ್ನು ಯೋಚಿಸಿ. ಎರಡಾದರೆ ಹಾಳೆ ಇಲ್ಲದಿದ್ದರೂ ಕಷ್ಟಪಟ್ಟು ಹಾಳೆ ಬರೆದು ಹೊಸತು ಹಾಕಿ ಎನ್ನುತ್ತೇನೆ. ಮೂರು ಮೆಟ್ಟಿಲನ್ನು ಒಂದೇ ಶನಿವಾರ ಹತ್ತಿಸಲು ಹೊರಡುವುದು ಹುಂಬತನ. ರೆಡ್ ಹ್ಯಾಟ್ ಬಳಗದ ಸೆಂಟ್‌ಓಎಸ್ 7ರ ಬೆಂಬಲ 30 ಜೂನ್ 2024ಕ್ಕೇ ನಿಂತಿದೆ. ಅದರಿಂದ ಆಲ್ಮಾಲಿನಕ್ಸ್ ಕಡೆಗೆ ಏರಿಸುವ ಎಲಿವೇಟ್ ಎಂಬ ಸಾಧನ ಇದೆ ನಿಜ, ಆದರೂ ಅಷ್ಟು ಹಳೆಯ ಸರ್ವರಿಗೆ ಪಕ್ಕದಲ್ಲಿ ಹೊಸತು ಕಟ್ಟುವುದೇ ಲೇಸು.

ಅಪ್‌ಗ್ರೇಡ್ ನಡುವೆ ಬರುವ ಆ ಪ್ರಶ್ನೆ

ಡೆಬಿಯನ್, ಉಬುಂಟುಗಳಲ್ಲಿ ಅಪ್‌ಗ್ರೇಡ್ ನಡೆಯುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಈ ಕಾನ್ಫಿಗರೇಷನ್ ಫೈಲನ್ನು ನೀವು ತಿದ್ದಿದ್ದೀರಿ, ಪ್ಯಾಕೇಜಿನ ಜೊತೆ ಹೊಸತೂ ಬಂದಿದೆ, ಯಾವುದನ್ನು ಇಡಲಿ? ಏನೂ ಹೇಳದೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ. ಹೆಚ್ಚಿನವರು ಹೀಗೆ ಎಂಟರ್ ಒತ್ತುತ್ತಲೇ ಹೋಗುತ್ತಾರೆ. ಆ ಹೊತ್ತಿಗೆ ಅದು ಅಪಾಯವಿಲ್ಲದ ಉತ್ತರವೇ. ಆದರೆ ಹೊಸ ಆವೃತ್ತಿಗೆ ಬೇಡವಾದ ಹಳೆ ಸಾಲುಗಳು ಒಳಗೇ ಉಳಿದು, ಕೆಲವು ಸಲ ಆ ಸರ್ವಿಸ್ ಮರುದಿನ ಏಳುವುದೇ ಇಲ್ಲ.

ವ್ಯತ್ಯಾಸ ತೋರಿಸು ಎಂಬ ಆಯ್ಕೆಯೂ ಅಲ್ಲೇ ಉಂಟು, ಡಿ ಒತ್ತಿದರೆ ಸಾಕು. ಆಗ ಕಾಣುವ ಸಾಲುಗಳಿವೆಯಲ್ಲ, ನಾನು ಹೇಳಿದ ಹಾಳೆಯ ಮುಕ್ಕಾಲು ಭಾಗ ಅವೇ. ಯಾರೋ ಹಿಂದೆ ಏನು ತಿದ್ದಿದ್ದರು ಎಂದು ಯಂತ್ರವೇ ಬಾಯಿಬಿಟ್ಟು ಹೇಳುತ್ತಿರುತ್ತದೆ, ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಫೋಲ್ಡರಿನಲ್ಲಿ ಡಿಪಿಕೆಜಿ-ಡಿಸ್ಟ್, ಡಿಪಿಕೆಜಿ-ಓಲ್ಡ್ ಎಂದು ಕೊನೆಯಾಗುವ ಫೈಲುಗಳನ್ನು ಹುಡುಕಿ; ರೆಡ್ ಹ್ಯಾಟ್ ಬಳಗದಲ್ಲಾದರೆ ಆರ್‌ಪಿಎಂ-ನ್ಯೂ, ಆರ್‌ಪಿಎಂ-ಸೇವ್. ಅವನ್ನು ಒಂದೊಂದಾಗಿ ನೋಡಿ ತೀರ್ಮಾನಿಸದ ಹೊರತು ಅಪ್‌ಗ್ರೇಡ್ ಮುಗಿಯಿತು ಎನ್ನುವಂತಿಲ್ಲ. ಹೊಸ ಇನ್‌ಸ್ಟಾಲಿನಲ್ಲಿ ಈ ಕಸವೇ ಇರುವುದಿಲ್ಲ, ಅದರ ದೊಡ್ಡ ಸುಖ ಇದೇ.

ಅಪ್‌ಗ್ರೇಡ್ ಸದ್ದಿಲ್ಲದೆ ಮುರಿಯುವವು ಬೇರೆ. ಹೊರಗಿನವರ ಪ್ಯಾಕೇಜ್ ಮೂಲಗಳಾದ ಪಿಪಿಎ, ರೆಪಾಸಿಟರಿಗಳನ್ನು ಉಬುಂಟುವಿನ ಸಾಧನ ತಾನೇ ನಿಷ್ಕ್ರಿಯ ಮಾಡುತ್ತದೆ. ಮತ್ತೆ ಚಾಲೂ ಮಾಡುವುದು ನಿಮ್ಮ ಕೆಲಸ. 22.04ರ ಪೈಥಾನ್ 3.10 ಹೋಗಿ 24.04ರಲ್ಲಿ 3.12 ಬರುವಾಗ, ಹಳೆಯದರಲ್ಲಿ ಒಂದೊಂದು ಪ್ರೋಗ್ರಾಮಿಗೆಂದು ಬೇರೆಯೇ ಮಾಡಿಟ್ಟ ವರ್ಚುವಲ್ ಎನ್ವಿರಾನ್‌ಮೆಂಟುಗಳು ನಡೆಯುವುದಿಲ್ಲ, ಹೊಸದಾಗಿ ಮಾಡಬೇಕು. ಎಂಜಿನ್‌ಎಕ್ಸ್ ವೆಬ್ ಸರ್ವರಿನ ಹಿಂದೆ ಪಿಎಚ್‌ಪಿ ಓಡಿಸುವವರ ಫೈಲಿನಲ್ಲಿ 8.1 ಎಂದು ಸಾಕೆಟ್ಟಿನ ಹೆಸರಲ್ಲೇ ಬರೆದಿರುತ್ತದೆ, 24.04ರಲ್ಲಿ ಅದು 8.3. ಎಲ್ಲವೂ ಸರಿಯಾಗಿ ಮುಗಿದಂತೆ ಕಂಡು, ವೆಬ್‌ಸೈಟ್ ತೆರೆದರೆ 502 ಎಂಬ ದೋಷದ ಸಂದೇಶ. ಕಾರಣ ಗೊತ್ತಿದ್ದರೆ ಅರ್ಧ ನಿಮಿಷದ ತಿದ್ದುಪಡಿ, ಗೊತ್ತಿಲ್ಲದಿದ್ದರೆ ಅರ್ಧ ರಾತ್ರಿ ಹೋಗುತ್ತದೆ.

ಮಳೆ, ಸಿಡಿಲು, ಕರೆಂಟು

ಉಡುಪಿಗೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಕಡಿಯುತ್ತದೆ. ಏಪ್ರಿಲ್-ಮೇ ಸಂಜೆಗಳಲ್ಲಿ ಸಿಡಿಲು. ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಕುಳಿತು ಬರೆದ ಸಲಹೆಗಳು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕರೆಂಟು ಹೋದಾಗ ಎರಡು ದಾರಿಗಳ ನಡುವಿನ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಹೊಸ ಇನ್‌ಸ್ಟಾಲ್ ನಡುವೆ ನಿಂತರೆ ಪೆನ್‌ಡ್ರೈವಿನಿಂದ ಮತ್ತೆ ಮೊದಲಿನಿಂದ ಸುರು ಮಾಡಿದರಾಯಿತು. ಡಿಸ್ಕಿನಲ್ಲಿ ಕಳಕೊಳ್ಳಲು ಏನೂ ಇರುವುದಿಲ್ಲ, ಇದ್ದದ್ದು ಆಗಲೇ ಬ್ಯಾಕಪ್ಪಿನಲ್ಲಿ ಇರುತ್ತದೆ. ಅಪ್‌ಗ್ರೇಡ್ ನಡುವೆ ನಿಂತರೆ ಅರ್ಧ ಹಳತು, ಅರ್ಧ ಹೊಸತು. ಡೆಬಿಯನ್ ಬಳಗದಲ್ಲಿ ಡಿಪಿಕೆಜಿ ಎಂಬ ಪ್ಯಾಕೇಜ್ ಸಾಧನಕ್ಕೆ ಬಾಕಿ ಉಳಿದದ್ದನ್ನೆಲ್ಲ ಕಾನ್ಫಿಗರ್ ಮಾಡಲು ಹೇಳಿ, ಆಮೇಲೆ ಆಪ್ಟ್‌ಗೆ ಮುರಿದದ್ದನ್ನು ಸರಿಪಡಿಸಲು ಹೇಳಿದರೆ ಅನೇಕ ಸಲ ಎದ್ದು ನಿಲ್ಲುತ್ತದೆ. ಸಿ ಲೈಬ್ರರಿಯೋ ಬೂಟ್‌ಲೋಡರೋ ಬದಲಾಗುವ ಕ್ಷಣದಲ್ಲೇ ನಿಂತಿದ್ದರೆ ಲೈವ್ ಪೆನ್‌ಡ್ರೈವ್ ಹಾಕಿ ಒಳಹೊಕ್ಕು ದುರಸ್ತಿ ಮಾಡಬೇಕಾಗುತ್ತದೆ, ಅದು ಎಲ್ಲರ ಕೆಲಸವಲ್ಲ.

ಹಾಗಾಗಿ ಡೆಸ್ಕ್‌ಟಾಪನ್ನು ಯುಪಿಎಸ್ ಇಲ್ಲದೆ ಅಪ್‌ಗ್ರೇಡಿಗೆ ಕೂರಿಸಬೇಡಿ. ಅಂಗಡಿಯ ಸಣ್ಣ ಯುಪಿಎಸ್ ಹತ್ತು-ಹದಿನೈದು ನಿಮಿಷ ಎಳೆಯುವುದೂ ಕಷ್ಟ, ಅಪ್‌ಗ್ರೇಡಿಗೆ ಒಂದೆರಡು ಗಂಟೆ ಬೇಕು. ಮನೆಯ ಇನ್ವರ್ಟರಿನ ಲೈನಿಗೆ ಹಾಕಿ, ನಡುವೆ ಒಂದು ಯುಪಿಎಸ್ ಇರಲಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಸರಿಯಿದ್ದರೆ ಈ ಚಿಂತೆಯಿಲ್ಲ. ಮುಚ್ಚಳ ಮಾತ್ರ ಮುಚ್ಚಬೇಡಿ.

ಇಂಟರ್ನೆಟ್ ಲೆಕ್ಕ ಇನ್ನೊಂದು. ಉಬುಂಟು 24.04ರ ಡೆಸ್ಕ್‌ಟಾಪ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಸುಮಾರು 6 ಜಿಬಿ. ಅದನ್ನು ಒಮ್ಮೆ ಪೇಟೆಯಲ್ಲಿ ಇಳಿಸಿಕೊಂಡು ಐಎಸ್‌ಒದಿಂದ ನೇರ ಬೂಟ್ ಮಾಡಿಸುವ ವೆಂಟಾಯ್ ಹಾಕಿದ ಪೆನ್‌ಡ್ರೈವಿನಲ್ಲಿ ಇಟ್ಟರೆ ಹೆಬ್ರಿಯಲ್ಲೋ ಬೈಂದೂರಿನಲ್ಲೋ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ಮನೆಗೂ ಹೊಸತು ಹಾಕಬಹುದು. ಅಪ್‌ಗ್ರೇಡಿಗೆ ಆ ಯಂತ್ರದ ಮುಂದೆಯೇ ನೆಟ್ ಬೇಕು, ಅದೂ ಕಡಿಯದ ನೆಟ್.

ಲ್ಯಾಬ್

ಮೂವತ್ತು ಒಂದೇ ತರಹದ ಯಂತ್ರಗಳಿದ್ದಲ್ಲಿ ಅಪ್‌ಗ್ರೇಡ್ ಎಂಬ ಮಾತೇ ಎತ್ತಬೇಡಿ. ಒಂದು ಯಂತ್ರವನ್ನು ಚೊಕ್ಕವಾಗಿ ಹೊಸತು ಹಾಕಿ ಸಿದ್ಧಮಾಡಿ, ಕ್ಲೋನ್‌ಜಿಲ್ಲಾದಲ್ಲಿ ಇಮೇಜ್ (ಇಡೀ ಡಿಸ್ಕಿನ ನಕಲು) ತೆಗೆದು ಉಳಿದವಕ್ಕೆ ಇಳಿಸಿ. ಇಲ್ಲವೇ ಇನ್‌ಸ್ಟಾಲರಿನ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟಿಡುವ ಡೆಬಿಯನ್ನಿನ ಪ್ರಿಸೀಡ್, ಉಬುಂಟುವಿನ ಆಟೋಇನ್‌ಸ್ಟಾಲ್, ಫೆಡೋರಾದ ಕಿಕ್‌ಸ್ಟಾರ್ಟ್ ಫೈಲ್ ಬರೆದಿಡಿ. ಆ ಫೈಲೇ ನಿಮ್ಮ ಹಾಳೆ. ಕೇರಳ ಗಡಿಯ ತಲಪಾಡಿ ದಾಟಿದರೆ ಕಾಸರಗೋಡಿನ ಶಾಲೆಗಳಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಉಂಟು. ಪಾಠಕ್ಕೆ ಬೇಕಾದ ಸಾಫ್ಟ್‌ವೇರುಗಳನ್ನೆಲ್ಲ ಸೇರಿಸಿಯೇ ಕೇರಳ ಅದನ್ನು ಶಾಲೆಗಳಿಗೆ ಕೊಡುತ್ತದೆ. ನಮ್ಮ ಕಡೆಯ ಶಾಲೆಯೊಂದು ತನ್ನಷ್ಟಕ್ಕೆ ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿಕೊಳ್ಳಲು ಒಬ್ಬ ಆಸಕ್ತ ಮೇಷ್ಟ್ರು ಸಾಕು.

ಕ್ಲೋನ್ ಮಾಡುವವರು ಮರೆಯುವುದು ಎರಡು. ಯಂತ್ರದ ಗುರುತು ಇರುವ ಮೆಷಿನ್-ಐಡಿ ಎಂಬ ಫೈಲ್ ಎಲ್ಲದರಲ್ಲೂ ಒಂದೇ ಆಗಿಬಿಟ್ಟರೆ ರೂಟರ್ ಹಲವು ಯಂತ್ರಗಳಿಗೆ ಒಂದೇ ಐಪಿ ಕೊಡುವ ಗೊಂದಲ ಆಗಬಹುದು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಹೋಸ್ಟ್ ಕೀಗಳೂ ಒಂದೇ ಆದರೆ ಯಾವ ಯಂತ್ರ ಯಾವುದೆಂದು ನಂಬುವಂತಿಲ್ಲ. ಇಮೇಜ್ ತೆಗೆಯುವ ಮೊದಲು ಮೆಷಿನ್-ಐಡಿ ಫೈಲನ್ನು ಖಾಲಿ ಮಾಡಿ, ಕೀಗಳನ್ನು ಅಳಿಸಿ, ಇಳಿಸಿದ ಮೇಲೆ ಹೊಸದಾಗಿ ಹುಟ್ಟಿಸಿ. ಒಂದು ಯಂತ್ರದಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಇಟ್ಟರೆ ಮುಂದಿನ ಅಪ್‌ಡೇಟುಗಳನ್ನು ಮೂವತ್ತು ಸಲ ಇಳಿಸುವುದು ತಪ್ಪುತ್ತದೆ.

ಗ್ರಂಥಾಲಯದ ಸರ್ವರ್ ಮತ್ತು ಅದರ ಸೋದರರು

ಗ್ರಂಥಾಲಯ ನಿರ್ವಹಣೆಯ ಸಾಫ್ಟ್‌ವೇರ್ ಕೋಹಾ ಓಡಿಸುವ ಕಾಲೇಜುಗಳ ಸರ್ವರ್ ನನ್ನ ನಿಯಮಕ್ಕೆ ಒಳ್ಳೆಯ ಪರೀಕ್ಷೆ. ಹಾಕಿಕೊಟ್ಟವರು ಬಿಟ್ಟುಹೋಗಿರುತ್ತಾರೆ, ಗ್ರಂಥಪಾಲಕರಿಗೆ ಪಾಸ್‌ವರ್ಡ್ ಮಾತ್ರ ಗೊತ್ತು, ಹಾಳೆ ಎಂಬುದೇ ಇಲ್ಲ. ನಿಯಮದ ಪ್ರಕಾರ ಅಪ್‌ಗ್ರೇಡ್ ಮಾಡಬೇಕು. ಆದರೆ ಕೋಹಾಕ್ಕೆ ಒಂದು ಅನುಕೂಲ ಉಂಟು: ಕೋಹಾ-ಡಂಪ್ ಎಂಬ ಆದೇಶ ಡೇಟಾಬೇಸನ್ನೂ ಆ ಗ್ರಂಥಾಲಯದ ಕಾನ್ಫಿಗರೇಷನ್ನನ್ನೂ ಎರಡು ಫೈಲುಗಳಾಗಿ ಕಟ್ಟಿಕೊಡುತ್ತದೆ, ಕೋಹಾ-ರಿಸ್ಟೋರ್ ಇನ್ನೊಂದು ಯಂತ್ರದಲ್ಲಿ ಬಿಚ್ಚುತ್ತದೆ. ಅಂದರೆ ಹಾಳೆಯನ್ನು ಸಾಫ್ಟ್‌ವೇರೇ ಬರೆದುಕೊಡುತ್ತದೆ. ಹಾಗಾಗಿ ಇಲ್ಲಿ ಬೇರೆ ಯಂತ್ರದಲ್ಲಿ ಹೊಸತು ಹಾಕಿ, ರಿಸ್ಟೋರ್ ಮಾಡಿ, ಹುಡುಕಾಟದ ಇಂಡೆಕ್ಸ್ ಮತ್ತೆ ಕಟ್ಟಿ, ಒಂದು ವಾರ ಎರಡನ್ನೂ ಪಕ್ಕಪಕ್ಕ ನೋಡಿ, ಆಮೇಲೆ ಹಳೆಯದನ್ನು ಆರಿಸುವುದು ಸರಿ. ಆ ಡೆಬಿಯನ್ ಅಥವಾ ಉಬುಂಟು ಆವೃತ್ತಿಯನ್ನು ಕೋಹಾ ಬೆಂಬಲಿಸುತ್ತದೆಯೇ ಎಂದು ಮೊದಲು ನೋಡಿ. ಓಎಸ್ ಮುಂದೆ ಓಡಿ ಕೋಹಾ ಹಿಂದೆ ಉಳಿದರೆ ಪುಸ್ತಕ ಕೊಡುವುದೇ ನಿಲ್ಲುತ್ತದೆ.

ಡೇಟಾಬೇಸ್ ಇರುವ ಯಾವ ಸರ್ವರಿನಲ್ಲೂ ಇಷ್ಟು ನೆನಪಿರಲಿ. ಮರಿಯಾಡಿಬಿ ಅಪ್‌ಗ್ರೇಡ್ ಆದಾಗ ಇದ್ದ ಡೇಟಾವನ್ನೇ ಹೊಸ ರೂಪಕ್ಕೆ ತರುತ್ತದೆ, ಹಿಂದಿನ ಆವೃತ್ತಿಗೆ ಮರಳಲು ಡಂಪ್ ಬೇಕೇ ಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಇನ್ನೊಂದು ಬಗೆ: 22.04ರ 14ನೇ ಆವೃತ್ತಿ ಹಾಗೇ ಉಳಿದು, ಪಕ್ಕದಲ್ಲಿ ಖಾಲಿ 16 ಬಂದು ಕೂರುತ್ತದೆ. ನಿಮ್ಮ ಡೇಟಾ ಹಳೆಯದರಲ್ಲೇ ಇರುತ್ತದೆ. ಪಿಜಿ-ಅಪ್‌ಗ್ರೇಡ್‌ಕ್ಲಸ್ಟರ್ ಓಡಿಸಿ ನೀವೇ ದಾಟಿಸಬೇಕು, ಅದಕ್ಕೂ ಮೊದಲು ಆ ಖಾಲಿ ಕ್ಲಸ್ಟರನ್ನು ತೆಗೆಯಬೇಕು. ಖಾಲಿಯದನ್ನು ತೆಗೆಯುತ್ತಿದ್ದೇನೆ ಎಂದು ಎರಡು ಸಲ ಓದಿ ಎಂಟರ್ ಒತ್ತಿ!

ದೂರದ ಸರ್ವರನ್ನು ಎಸ್‌ಎಸ್‌ಎಚ್‌ನಲ್ಲಿ ಅಪ್‌ಗ್ರೇಡ್ ಮಾಡುವವರಿಗೆ ಉಬುಂಟು 1022ನೇ ಪೋರ್ಟಿನಲ್ಲಿ ಇನ್ನೊಂದು ಬಾಗಿಲು ತೆರೆದಿಡುತ್ತದೆ, ಕೆಲಸವನ್ನು ಸಂಪರ್ಕ ಕಡಿದರೂ ನಿಲ್ಲದ ಹಾಗೆ ಸ್ಕ್ರೀನ್ ಎಂಬ ಪ್ರೋಗ್ರಾಮಿನ ಒಳಗೆ ಓಡಿಸುತ್ತದೆ. ಫೈರ್‌ವಾಲ್‌ನಲ್ಲಿ ಆ ಪೋರ್ಟ್ ತೆರೆಯದಿದ್ದರೆ ಪ್ರಯೋಜನವಿಲ್ಲ. ಬಾಡಿಗೆಯ ವಿಪಿಎಸ್ (ವರ್ಚುವಲ್ ಸರ್ವರ್) ಆದರೆ ಇಷ್ಟೆಲ್ಲ ಯಾಕೆ? ಒಂದು ತಿಂಗಳಿಗೆ ಎರಡನೆಯದು ತೆಗೆದುಕೊಂಡು ಹೊಸತು ಹಾಕಿ, ಡಿಎನ್‌ಎಸ್‌ನ ಟಿಟಿಎಲ್ (ಹಳೆ ವಿಳಾಸ ನೆನಪಿಟ್ಟುಕೊಳ್ಳುವ ಅವಧಿ) ಮೊದಲೇ ಇಳಿಸಿಟ್ಟು, ವಿಳಾಸ ತಿರುಗಿಸಿ.

ಮನೆಯ ಲ್ಯಾಪ್‌ಟಾಪ್, ಡಿಟಿಪಿ ಅಂಗಡಿ

14 ಅಕ್ಟೋಬರ್ 2025ರಂದು ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಲಿನಕ್ಸಿಗೆ ಬಂದವರಲ್ಲಿ ಹೆಚ್ಚಿನವರು ಈ ಗುಂಪಿನವರು. ಇವರಿಗೆ ಒಂದು ಮೆಟ್ಟಿಲಿನ ಅಪ್‌ಗ್ರೇಡ್ ಸಾಕು, ಏನೂ ಕೈಯಲ್ಲಿ ತಿದ್ದಿರುವುದಿಲ್ಲ. ತೊಡಕು ಬರುವುದು ಪ್ರಿಂಟರ್ ಮತ್ತು ಟೋಕನ್ನುಗಳಲ್ಲಿ. ಎಚ್‌ಪಿಯ ಕೆಲವು ಲೇಸರ್ ಪ್ರಿಂಟರುಗಳಿಗೆ ಬೇಕಾದ ಪ್ಲಗಿನ್ ಎಚ್‌ಪಿಲಿಪ್‌ನ ಆವೃತ್ತಿಗೆ ತಾಳೆಯಾಗಬೇಕು, ಅಪ್‌ಗ್ರೇಡ್ ಆದ ಕೂಡಲೇ ಮತ್ತೆ ಇಳಿಸಬೇಕು. ಅಂಗಡಿ ಅಂಗಡಿಯಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ರ ಡ್ರೈವರಿಗೆ 32 ಬಿಟ್ ಲೈಬ್ರರಿಗಳು ಬೇಕು, ಅದನ್ನು ಒಮ್ಮೆ ಕೂರಿಸಲು ಪಟ್ಟ ಪಾಡನ್ನು ಯಾರೂ ಬರೆದಿಟ್ಟಿರುವುದಿಲ್ಲ. ಅಂಥಲ್ಲಿ ಓಡುತ್ತಿರುವುದನ್ನು ಅಳಿಸುವ ಮೊದಲು ಲೈವ್ ಪೆನ್‌ಡ್ರೈವಿನಲ್ಲಿ ಹೊಸ ಆವೃತ್ತಿ ಹಾಕಿ ಒಂದು ಪುಟ ಪ್ರಿಂಟ್ ತೆಗೆದು ನೋಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿಗೂ ಇದೇ ಮಾತು.

ಕನ್ನಡದ ವಿಷಯ. ಅಪ್‌ಗ್ರೇಡಿನಲ್ಲಿ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್, ಎಂ17ಎನ್, ಕೆಜಿಪಿ ಕೀಲಿಮಣೆ ವಿನ್ಯಾಸ ಎಲ್ಲ ಸಾಮಾನ್ಯವಾಗಿ ಉಳಿಯುತ್ತವೆ. ಹೋಮ್ ಫೋಲ್ಡರ್ ಉಳಿಸಿ ಹೊಸತು ಹಾಕಿದರೆ ಸೆಟ್ಟಿಂಗ್ ಇರುತ್ತದೆ, ಪ್ಯಾಕೇಜ್ ಇರುವುದಿಲ್ಲ. ಪ್ಯಾಕೇಜ್ ಹಾಕಿ ಒಮ್ಮೆ ಲಾಗೌಟ್ ಆಗಿ ಬನ್ನಿ. ಫಾಂಟುಗಳನ್ನು ನಿಮ್ಮ ಹೋಮ್ ಫೋಲ್ಡರಿನ ಒಳಗೆ ಹಾಕಿದ್ದರೆ ಉಳಿಯುತ್ತವೆ. ಸಿಸ್ಟಂನ ಫಾಂಟ್ ಫೋಲ್ಡರಿಗೆ ನಕಲು ಮಾಡಿದ್ದರೆ ಫಾರ್ಮ್ಯಾಟಿನಲ್ಲಿ ಹೋಗುತ್ತವೆ, ಮದುವೆ ಕಾಗದದ ಹಳೆ ಫೈಲ್ ತೆರೆದಾಗಲೇ ಅದು ತಿಳಿಯುವುದು. ತುಳು-ತಿಗಳಾರಿ ಲಿಪಿಯಲ್ಲಿ ಆಸಕ್ತಿ ಇರುವವರು ಹೊಸ ಆವೃತ್ತಿಗೆ ಬರಲೇಬೇಕು: ಅದು ಯುನಿಕೋಡಿಗೆ ಸೇರಿದ್ದು ಸೆಪ್ಟೆಂಬರ್ 2024ರ 16ನೇ ಆವೃತ್ತಿಯಲ್ಲಿ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಹಳೆಯದಾಗಿದ್ದರೆ ಫಾಂಟ್ ಇದ್ದರೂ ಒತ್ತಕ್ಷರ ಕೂರುವುದಿಲ್ಲ. ಈ ಒಂದು ವಿಷಯದಲ್ಲಿ ಡೆಬಿಯನ್ 13 ಉಬುಂಟು 24.04ಕ್ಕಿಂತ ಮುಂದಿದೆ.

ಬ್ಯಾಕಪ್ ಎಂದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್ ನಕಲು ಮಾಡುವುದಷ್ಟೇ ಅಲ್ಲ. ಬ್ರೌಸರಿನ ಬುಕ್‌ಮಾರ್ಕ್, ಪಾಸ್‌ವರ್ಡ್ ಇರುವುದು ಕಣ್ಣಿಗೆ ಕಾಣದ ಫೋಲ್ಡರುಗಳಲ್ಲಿ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ 22.04ರಿಂದ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್ ಆಗಿರುವುದರಿಂದ ಅದರ ಪ್ರೊಫೈಲ್ ಸ್ನ್ಯಾಪ್ ಫೋಲ್ಡರಿನ ಒಳಗೆ. ಇಡೀ ಹೋಮ್ ಫೋಲ್ಡರನ್ನೇ ತೆಗೆಯಿರಿ. ಎಕ್ಸ್‌ಫ್ಯಾಟ್ ಪೆನ್‌ಡ್ರೈವಿಗೆ ನೇರ ನಕಲು ಮಾಡಿದರೆ ಫೈಲುಗಳ ಅನುಮತಿ ಕಳೆದುಹೋಗುತ್ತದೆ, ಟಾರ್ ಎಂಬ ಒಂದೇ ಫೈಲಾಗಿ ಕಟ್ಟಿ ಹಾಕಿ. ಟೈಮ್‌ಶಿಫ್ಟ್ ಹೋಮ್ ಫೋಲ್ಡರನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ, ಆದ್ದರಿಂದ ಅದನ್ನು ಬ್ಯಾಕಪ್ ಎಂದು ನಂಬಬೇಡಿ. ವಿಂಡೋಸ್ ಕೂಡ ಅದೇ ಡಿಸ್ಕಿನಲ್ಲಿದ್ದರೆ ಬಿಟ್‌ಲಾಕರ್ ರಿಕವರಿ ಕೀ ಕೈಯಲ್ಲಿರದೆ ಯಾವುದನ್ನೂ ಸುರು ಮಾಡಬೇಡಿ.

ನನಗೆ ಹೆಚ್ಚು ಹಿಡಿಸಿದ ದಾರಿ

ಹಳೆ ಡಿಸ್ಕನ್ನು ಬಿಚ್ಚಿ ಹೊಸ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಹೊಸತು ಇನ್‌ಸ್ಟಾಲ್ ಮಾಡುವುದು. ಹಳೆಯದಕ್ಕೆ ಚೀಟಿ ಅಂಟಿಸಿ ಡ್ರಾಯರಿನಲ್ಲಿಡಿ. ಏನಾದರೂ ಮರೆತಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿ ಓದಬಹುದು. ಹೊಸತು ಸರಿಬರಲೇ ಇಲ್ಲವೆಂದರೆ ಹಳೆಯದನ್ನು ಮರಳಿ ಸಿಕ್ಕಿಸಿದರೆ ಹತ್ತು ನಿಮಿಷದಲ್ಲಿ ಕಚೇರಿ ಮೊದಲಿನಂತೆ. ಹಾಳೆ ಇಲ್ಲದ ಯಂತ್ರಕ್ಕೂ ಇದರಿಂದ ಹೊಸ ಇನ್‌ಸ್ಟಾಲ್ ಸಾಧ್ಯವಾಗುತ್ತದೆ, ಮರೆತದ್ದಕ್ಕೆ ದಂಡ ಕಡಿಮೆ. ಇನ್ನೂ ಹಾರ್ಡ್ ಡಿಸ್ಕಿನಲ್ಲಿ ಓಡುವ ಯಂತ್ರಗಳಿಗೆ ವೇಗವೂ ಬರುತ್ತದೆ. ಹಳೆ ಸಿಸ್ಟಂ ಆರಿಸುವ ಮೊದಲು ಆಪ್ಟ್-ಮಾರ್ಕ್ ಮೂಲಕ ಕೈಯಾರೆ ಹಾಕಿದ ಪ್ಯಾಕೇಜುಗಳ ಪಟ್ಟಿ ತೆಗೆದು, ಇಟಿಸಿ ಫೋಲ್ಡರನ್ನೂ ಹೊತ್ತು ಹೊತ್ತಿಗೆ ತಾವಾಗಿ ಓಡುವ ಕ್ರಾನ್ ಕೆಲಸಗಳನ್ನೂ ಒಂದು ಕಡೆ ನಕಲಿಸಿಟ್ಟರೆ ಸಾಕು.

ಎರಡಕ್ಕೂ ಈಗ ಸಮಯವಿಲ್ಲ ಎನ್ನುವವರಿಗೆ: ಉಬುಂಟು ಎಲ್‌ಟಿಎಸ್‌ಗೆ ಐದು ವರ್ಷದ ಸಾಮಾನ್ಯ ಬೆಂಬಲ, ಉಬುಂಟು ಪ್ರೋ ಸೇರಿಸಿಕೊಂಡರೆ ಹತ್ತು. ಸ್ವಂತ ಬಳಕೆಯ ಐದು ಯಂತ್ರಗಳವರೆಗೆ ಅದು ಉಚಿತ. 2025ರ ಮೇ ತಿಂಗಳಿಗೆ ಬೆಂಬಲ ಮುಗಿದ 20.04ರ ಯಂತ್ರ ಇನ್ನೂ ಓಡುತ್ತಿದ್ದರೆ ಇವತ್ತೇ ಪ್ರೋ ಜೋಡಿಸಿ, ಆಮೇಲೆ ನಿಧಾನವಾಗಿ ಯೋಚಿಸಿ. ಡೆಬಿಯನ್ 11ಕ್ಕೆ ಎಲ್‌ಟಿಎಸ್ ಗಡುವು 31 ಆಗಸ್ಟ್ 2026. 22.04ರ ಸಾಮಾನ್ಯ ಬೆಂಬಲ 2027ರ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಕೊನೆಯ ವಾರಕ್ಕೆ ಬಿಟ್ಟರೆ ಸಿಡಿಲಿನ ಸಂಜೆಗಳೂ ಕಾಲೇಜುಗಳ ಅಡ್ಮಿಷನ್ ಗಡಿಬಿಡಿಯೂ ಒಟ್ಟಿಗೇ ಬಂದು ಬೀಳುತ್ತವೆ. 2026ರ ಡಿಸೆಂಬರ್ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ: ಕ್ರಿಸ್‌ಮಸ್ ರಜೆ, ಒಣ ಹವೆ, ಕರೆಂಟೂ ನೆಟ್ಟಗೆ ಇರುತ್ತದೆ.